ಬೊಂಬೆ ಮೆಟ್ಟಿಲ ಮೇಲೆ ಪೋರ್ಚುಗಲ್ ಕೋಟೆ

ಫ್ರೀಮಾಂಟ್, ಕ್ಯಾಲಿಫೋರ್ನಿಯಾ
ಅಕ್ಟೋಬರ್ ೧೨, ೨೦೨೫

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿ ನಿರುಪಮಾಳ ನಮಸ್ಕಾರಗಳು. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಮಂಡಿನೋವು ಹೇಗಿದೆ? ದಸರಾ ಮುಗಿದ ಎಷ್ಟೋ ದಿನಕ್ಕೆ ಬರೆಯುತ್ತಿದ್ದೇನೆ, ಕೋಪ ಮಾಡಿಕೊಳ್ಳಬೇಡ. ಮೊದಲೇ ಕೋಪವಿದ್ದರೆ ಇದನ್ನೂ ಅದಕ್ಕೇ ಸೇರಿಸಿಕೋ. ಕುಶಲನ ಮದುವೆಯಾದಾಗಿನಿಂದ ನೀನು ನನ್ನ ಫೋನು ಎತ್ತುತ್ತಿಲ್ಲ. ಕಾಗದ ಬಂದರೆ ಓದದೆ ಇರಲಾರೆ ಎಂಬ ಧೈರ್ಯದಿಂದ ಪೆನ್ನು ಹಿಡಿದಿದ್ದೇನೆ. "ಪರದೇಶದ ಹುಡುಗಿ ಬಂದ್ಮೇಲೆ ನಿಮ್ಮನೇಲಿ ಬೊಂಬೆ ಕೂರ್ಸೋದೂ ನಿಂತ್ಹೋಗತ್ತೆ ಬಿಡು" ಎಂದಿದ್ದೆಯಲ್ಲ, ಈ ಕಾಗದ ಅದಕ್ಕೆ ಉತ್ತರ.

ಬೊಂಬೆ ಕೂರಿಸಿದೆವು. ಕೂರಿಸಿದವಳು ನನ್ನ ಸೊಸೆ ಇನೆಸ್!

ಅವಳು ಹುಟ್ಟಿ ಬೆಳೆದದ್ದು ಇಲ್ಲೇ ಸ್ಯಾನ್ ಹೋಸೆಯಲ್ಲಿ, ಆದರೆ ಅಜ್ಜಿಯ ಊರು ಪೋರ್ಚುಗಲ್ಲಿನ ಉತ್ತರದ ಗಡಿಯಲ್ಲಿದೆ. ಅಲ್ಲಿ ಗುಡ್ಡದ ನೆತ್ತಿಯ ಮೇಲೆ ಏಳುನೂರು ವರ್ಷ ಹಳೆಯದೊಂದು ಪುಟ್ಟ ಕೋಟೆ. ಪ್ರತಿ ವರ್ಷ ಅದೇ ಮೈಸೂರು ಅರಮನೆ ಇಟ್ಟು ನನಗೂ ಸಾಕಾಗಿತ್ತು, ಈ ಸಲ ನಿಮ್ಮ ಕೋಟೆ ಕಟ್ಟೋಣ ಎಂದವಳು ನಾನೇ. ಗೋವಾ, ಮಂಗಳೂರು ಎಂದು ನೀನು ಶುರು ಮಾಡುವ ಮೊದಲೇ ಹೇಳಿಬಿಡುತ್ತೇನೆ, ಅವರ ಹಡಗು ನಮ್ಮ ದಂಡೆಗೆ ಬರುವುದಕ್ಕೆ ಇನ್ನೂರು ವರ್ಷ ಮುಂಚಿನ ಕೋಟೆ ಅದು. ಸ್ಪೇನಿನ ಕಡೆಯ ದಂಡಿಗೆ ಹೆದರಿ ಕಟ್ಟಿಕೊಂಡದ್ದು.

ಸಾಂಟಾ ಕ್ಲಾರಾದ ಆಫೀಸಿನಿಂದ ಬಂದವಳೇ ಕೈಕಾಲು ತೊಳೆದು ಕೆಲಸಕ್ಕೆ ಕೂರುತ್ತಿದ್ದಳು. ಗೋಡೆಗೆಲ್ಲ ವೈನ್ ಬಾಟಲಿಯ ಬಿರಡೆಯೇ ಕಲ್ಲು. ಮುಖ ಸಿಂಡರಿಸಬೇಡ, ಯಾವ ಬಾಟಲಿಯನ್ನೂ ಮುಟ್ಟದ ಹೊಸವು, ಅವಳಪ್ಪ ಚೀಲಗಟ್ಟಲೆ ತಂದುಕೊಟ್ಟರು. ಕುಶಲ ಅಂಟು ಹಚ್ಚುವ ಆಳು. ಒಂದೊಂದು ಕಲ್ಲಿನ ಮೇಲೂ ಅವಳು ಮೊಳೆಯಿಂದ ಗುರುತು ಕೊರೆದಳು, ಆ ಕಾಲದ ಕಲ್ಲುಕುಟಿಗರು ತಾವು ಕಡೆದ ಕಲ್ಲಿಗೆ ತಮ್ಮತಮ್ಮ ಗುರುತು ಹಾಕುತ್ತಿದ್ದರಂತೆ. ಕೋಟೆಯ ನಡುವೆ ಯಾವ ಗೋಡೆಗೂ ತಾಗದೆ ಒಂದೇ ಒಂದು ಚೌಕದ ಬುರುಜು. ಅದರ ಬಾಗಿಲು ನೆಲದಲ್ಲಿಲ್ಲ, ಮಾಳಿಗೆಯಲ್ಲಿದೆ. ಏಣಿ ಹತ್ತಿ ಒಳಗೆ ಹೋಗಿ ಏಣಿಯನ್ನು ಮೇಲೆಳೆದುಕೊಂಡರೆ ಮುಗಿಯಿತು, ಕೆಳಗಿನವರು ಎಷ್ಟು ಕೂಗಿಕೊಂಡರೂ ಅಷ್ಟೆ. ನನಗೆ ನಿನ್ನದೇ ನೆನಪಾಯಿತು.

ಗೋಡೆಯ ಮೇಲಂಚಿಗೆ ಹಲ್ಲಿನ ಸಾಲಿನಂತಿರುವ ತೆನೆಗಳು ಎಷ್ಟು ಚೆಂದ ಎಂದೆ. ಅವಳಿಗೆ ನಗು ಬಂತು. "ಅತ್ತೆ, ಆ ತೆನೆ ಎಲ್ಲಾ ನಮ್ಮಜ್ಜಿಗಿಂತ ಚಿಕ್ಕದು!" ಕಾಲಾಂತರದಲ್ಲಿ ಊರವರು ಗೋಡೆಗೆ ಒರಗಿಸಿ ಮನೆ ಕಟ್ಟಿಕೊಂಡಿದ್ದರಂತೆ. ಎಂಬತ್ತು ವರ್ಷದ ಹಿಂದೆ ಅಲ್ಲಿನ ಸರ್ಕಾರ, ಕೋಟೆ ಕೋಟೆಯ ಹಾಗೆ ಕಾಣಬೇಕೆಂದು ಆ ಮನೆಗಳನ್ನು ಕೆಡವಿ ಹೊಸ ತೆನೆ ಕೂರಿಸಿತಂತೆ. ಹೋದ ಮನೆಗಳಲ್ಲಿ ಇವಳ ಮುತ್ತಜ್ಜಿಯದೂ ಒಂದು. "ದಟ್ಸ್ ನಾಟ್ ಫೇರ್, ಅಲ್ಲಿ ಜನ ಇದ್ರು" ಎಂದು ನಮ್ಮ ಕೋಟೆಯೊಳಗೆ ಆ ಮನೆಗಳನ್ನೆಲ್ಲ ಮತ್ತೆ ಕಟ್ಟಿದಳು. ಅವುಗಳಲ್ಲಿ ನಮ್ಮ ಶೆಟ್ಟರ ಅಂಗಡಿ ಬೊಂಬೆ, ಚನ್ನಪಟ್ಟಣದ ಹೆಂಗಸರು ಸಂಸಾರ ಹೂಡಿದರು. ಅಕ್ಕ, ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ ಆ ದಿನ ನಾನು ಮೂರು ಮನೆಗೆ ಫೋನು ಮಾಡಿದೆ.

ನೋಡಲು ಬಂದವರಿಗೆ ಅವಳೇ ತಾನು ಕಲಿತಷ್ಟು ಕನ್ನಡದಲ್ಲಿ ವಿವರಿಸಿದಳು. ಹಿಂದುಗಡೆ ಒಂದು ಕಿರಿಬಾಗಿಲಿದೆ, ನಾವು ದಿಡ್ಡಿ ಬಾಗಿಲು ಅನ್ನುತ್ತೇವಲ್ಲ, ಅದು. ಒಳಗಿನವರೇ ಶತ್ರುವಿಗೆ ಅಗಣಿ ತೆಗೆಯಬಹುದೆಂದು ಅವರ ಭಾಷೆಯಲ್ಲಿ ಅದಕ್ಕೆ ದ್ರೋಹದ ಬಾಗಿಲು ಎಂದೇ ಹೆಸರು. ಇನೆಸ್ ಅದಕ್ಕೆ ಕೈ ತೋರಿಸಿ ಗಂಭೀರವಾಗಿ "ಇದು ದ್ರೋಹದ ಬಾಗಿನ" ಎಂದಳು! ಲಾಸ್ ಆಲ್ಟೋಸಿನಿಂದ ಬಂದಿದ್ದ ಡಾಕ್ಟರ್ ಹರಿಪ್ರಿಯಾ ಬಿದ್ದು ಬಿದ್ದು ನಕ್ಕು, "ಅಯ್ಯೋ, ಹಾಗಾದ್ರೆ ನಂಗೆ ಬಾಗಿನ ಬೇಡಮ್ಮ, ಬರೀ ತಾಂಬೂಲ ಸಾಕು" ಎಂದರು. ಇನೆಸ್‌ಗೆ ಅರ್ಥವಾದ ಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಹೊರಡುವಾಗ ಹರಿಪ್ರಿಯಾ, "ಇಲ್ಲೇ ಹುಟ್ಟಿದ ನನ್ನ ಮಗಳು ಬೊಂಬೆ ಮುಟ್ಟಲ್ಲ ಕಣ್ರೀ, ನೀವು ಪುಣ್ಯ ಮಾಡಿದ್ರಿ" ಎಂದರು. ನಾನು ಬಾಯಿಮಾತಿಗೂ ಅಲ್ಲವೆನ್ನಲಿಲ್ಲ.

ಫೋಟೋ ಇಟ್ಟಿದ್ದೇನೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ನೋಡು. ದೂರದಿಂದಲಾದರೂ ಇಬ್ಬರು ಮಕ್ಕಳಿಗೂ ಮನಸ್ಸು ತುಂಬಿ ಹರಸು. ಚಾಮುಂಡಿ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಜಗಳಗಂಟಿ ತಂಗಿ,
ನಿರುಪಮಾ

ತಾ.ಕ.: ಬರೆಯಬಾರದೆಂದುಕೊಂಡಿದ್ದೆ, ಆಗುತ್ತಿಲ್ಲ. ವಿಜಯದಶಮಿಯ ದಿನ ನಿನಗೊಂದು ಗೊತ್ತಿಲ್ಲದ ನಂಬರಿನಿಂದ ಫೋನು ಬಂತಲ್ಲ, ಅದು ಇನೆಸ್. "ದೊಡ್ಡತ್ತೆ, ನಾನು ಇನೆಸ್, ಹಬ್ಬದ ನಮಸ್ಕಾರ" ಎನ್ನುವುದನ್ನು ಒಂದಕ್ಷರ ತಪ್ಪಬಾರದೆಂದು ಬೆಳಗಿನಿಂದ ಬಾಯಿಪಾಠ ಮಾಡಿದ್ದಳು. ನಾನು ಪಕ್ಕದಲ್ಲೇ ಇದ್ದೆ. "ಯಾರು?" ಎಂಬ ನಿನ್ನ ದನಿ ಕೇಳಿಯೇ ನನಗೆ ಕಣ್ಣು ತುಂಬಿತು. ಅವಳು ಹೆಸರು ಹೇಳಿದ್ದೇ ತಡ, ನೀನು "ರಾಂಗ್ ನಂಬರ್" ಎಂದು ಇಟ್ಟುಬಿಟ್ಟೆ. ನನಗೆ ತಲೆ ಎತ್ತಲಾಗಲಿಲ್ಲ. ಅವಳೇ ನನ್ನ ಕೈ ಹಿಡಿದು, "ನಾನು ದೊಡ್ಡತ್ತೆ ಅನ್ನೋದು ಸರಿಯಾಗಿ ಹೇಳ್ಲಿಲ್ಲ ಅನ್ಸತ್ತೆ, ಅವ್ರಿಗೆ ಅರ್ಥ ಆಗ್ಲಿಲ್ಲ" ಎಂದಳು. ಅವತ್ತಿನಿಂದ ದಿನಾ ಅದೊಂದು ಮಾತನ್ನು ಅಭ್ಯಾಸ ಮಾಡುತ್ತಿದ್ದಾಳೆ, ಅಕ್ಕ.