ಕೇಳದೆ ಬಿಟ್ಟ ಹೂ

ಜೂನ್ 2, ಸೋಮವಾರ
ಇವತ್ತು ಒಪ್ಪತ್ತು. ಹಟ್ಟಿ ಗುಡಿಸಿದ್ದು, ಡೈರಿಗೆ ಹಾಲು ಕೊಟ್ಟದ್ದು, ಮೂರು ಬಕೆಟ್ ಬಟ್ಟೆ — ಒಂದೂ ಒಣಗುವುದಿಲ್ಲ.
ದೇವಸ್ಥಾನದ ಕಮಿಟಿ ಅಧ್ಯಕ್ಷ ತೀರ್ಥಪ್ರಸಾದ್ ಬಂದ. ನಮ್ಮ ಯಜಮಾನರ ಚಿಕ್ಕಪ್ಪನ ಮಗ. ದೇವರಕಾಡಿನೊಳಗೆ ಊಟದ ಹಾಲ್ ಕಟ್ಟುತ್ತಾರಂತೆ. ಅದಕ್ಕೆ ದೊಡ್ಡ ಸಂಪಿಗೆ ಮರ ಕಡಿಯಬೇಕಂತೆ. ಪ್ರತಿ ಮನೆಯಿಂದ ಒಪ್ಪಿಗೆ ಬರೆದು ಕೊಡಬೇಕು. ಮನೆ ನನ್ನ ಹೆಸರಿನಲ್ಲಿ, ಅದಕ್ಕೆ ನನ್ನ ಹತ್ತಿರ ಬಂದದ್ದು.
"ದೇವರು ಎಲ್ಲ ಮಾಡಿಟ್ಟದ್ದು ಮನುಷ್ಯನಿಗೇ ಅಲ್ವಾ ಅತ್ತಿಗೆ?"
ಅವನ ಕಾಲಿಗೆ ಜಿಗಣೆ ಹತ್ತಿತ್ತು.
"ಅದರ ಹತ್ರ ಕೇಳು. ದೇವರು ಮನುಷ್ಯನನ್ನ ಮಾಡಿದ್ದು ನಂಗೇ ಅಂತ ಹೇಳ್ತದೆ."
ನಗಲಿಲ್ಲ. ಜಿಗಣೆ ಬಿಡಿಸಲಿಕ್ಕೆ ಉಪ್ಪು ಕೇಳಿದ. ಕೊಟ್ಟೆ.

ಜೂನ್ 5
ತಲೆ ಚಿಟ್ಟು ಹಿಡಿದಿದೆ. ನಮ್ಮ ಯಜಮಾನರದ್ದೂ ಅದೇ ರಾಗ.
"ದೇವರೇ ಒಪ್ಪಿ ಆಗಿದೆ ಮಾರಾಯ್ತಿ. ಹೂ ಬಲಕ್ಕೇ ಬಿದ್ದದ್ದು, ನೀನೇ ನೋಡಿದ್ದಲ್ಲಾ?"
ನೋಡಿದ್ದೇನೆ. ಭಟ್ಟರು ಮೂರ್ತಿಗೆ ಹೂ ಅಂಟಿಸಿ ಕೇಳಿದ್ದೇನು? ಹಾಲ್ ಕಟ್ಟಬಹುದಾ ಎಂದು. ಮರ ಕಡಿಯಬಹುದಾ ಎಂದು ಯಾರು ಕೇಳಿದರು? ಆ ಕಾಡಿನಲ್ಲಿ ಬಿದ್ದ ಸೌದೆ ಹೆಕ್ಕಲಿಕ್ಕೂ ಅಪ್ಪಣೆ ಕೇಳುವ ಊರು ಇದು! ಆ ಹೂವಾದರೂ ಎಲ್ಲಿಯದು... ಅದೇ ಸಂಪಿಗೆಯದ್ದು.
ಗುಡ್ಡ ಜಾರಿದ ವರ್ಷ ಮಣ್ಣು ಆ ಕಾಡಿನವರೆಗೆ ಬಂದು ನಿಂತಿತು. ನಮ್ಮನ್ನು ಉಳಿಸಲಿಕ್ಕೇ ದೇವರು ಮರ ಇಟ್ಟ ಎಂದರು ಎಲ್ಲರೂ. ನನಗೆ ಹಾಗೆ ಕಾಣುವುದಿಲ್ಲ. ಕಾಡು ಅವನದ್ದು. ಅದರ ಅಂಚಿನಲ್ಲಿದ್ದೆವು, ಉಳಿದೆವು. ಅಷ್ಟೇ.

ಜೂನ್ 16, ಸೋಮವಾರ
ಕಮಿಟಿಗೆ ಉತ್ತರ ಬರೆದಾಯಿತು. ಎರಡನೇ ಹೂ ಕೇಳಿ; ಮರದ ಹೆಸರು ಹೇಳಿ ಕೇಳಿ. ಎಡಕ್ಕೆ ಬಿದ್ದರೆ ಮರ ಮುಟ್ಟಬಾರದು. ಬಲಕ್ಕೆ ಬಿದ್ದರೆ ನಾನೇ ಸೈನ್ ಹಾಕುತ್ತೇನೆ.
ಆ ಕೊನೆಯ ಸಾಲಿಗೆ ಹತ್ತು ದಿನ ಹಿಡಿಯಿತು. ಬಲಕ್ಕೇ ಬಿದ್ದರೆ...
ಏನದು ಸದ್ದು — ಮರ ಕೊಯ್ಯುವ ಮಷಿನ್?

10 ಗಂಟೆ. ಸಂಪಿಗೆ ಬುಡದಲ್ಲಿ ಕೂತು
ಉತ್ತರಕ್ಕೂ ಕಾಯದೆ ಮರ ಕೊಯ್ಯುವ ಕೆಲಸದ ಮಾರಿ ಎಂಬವನನ್ನು ಕಳಿಸಿದ್ದಾರೆ. ಚಪ್ಪಲಿ ಕಾಡಿನ ಹೊರಗೆ ಬಿಟ್ಟಿದ್ದಾನೆ. ಮಷಿನ್ ಒಳಗೆ ತಂದಿದ್ದಾನೆ! ಏನು ಹೇಳುವುದು ಇವರಿಗೆ.
"ಏಳಿ ಅಕ್ಕ. ಅಧ್ಯಕ್ಷರು ಬೈತಾರೆ."
"ನನ್ನ ಉತ್ತರ ಓದ್ಲಿ, ಆಮೇಲೆ ಬೈಲಿ."
"ಎಲ್ಲುಂಟು ಉತ್ತರ?"
ಮನೆಯಲ್ಲಿ! ಓಡಿ ಬರುವಾಗ ಕೈಯಲ್ಲಿದ್ದದ್ದು ಈ ನೋಟ್‌ಬುಕ್ ಮಾತ್ರ. ಎದ್ದರೆ ಮರ ಇಲ್ಲ. ಹಾಳೆ ಹರಿದು ಸೊಸೆಗೆ ಮಾರಿಯ ಕೈಯಲ್ಲೇ ಕಳಿಸುತ್ತೇನೆ. ಮಷಿನ್ ಇಲ್ಲೇ ಇರಲಿ, ನನ್ನ ಕಾಲ ಹತ್ತಿರ.

ಪೂಜಿತಾ, ದೇವರ ಕೋಣೆಯಲ್ಲಿ ಕುಂಕುಮದ ಬಟ್ಟಲಿನ ಅಡಿಗೆ ನನ್ನ ಉತ್ತರ ಉಂಟು. ಬೇಗ ತಾ. ಚಪ್ಪಲಿ ಹೊರಗೆ ಬಿಟ್ಟು ಬಾ.