ಹಂತ ಒಂದು: ಗಂಗಮ್ಮ

10 ನವೆಂಬರ್ 2025, ಸೋಮವಾರ. ಮಧ್ಯಾಹ್ನ 1.20, ಹೊಸೂರು ಫ್ಯಾಕ್ಟರಿ ಕ್ಯಾಂಟೀನ್

ಪಾಸ್ ಆಯಿತು, ನನ್ನ ಚೀಲ ಪಾಸ್ ಆಯಿತು! ಮದುವೆ ರಜೆ ಮುಗಿಸಿ ಬಂದ ಮೊದಲ ದಿನವೇ ಟೆಸ್ಟ್ ರಿಪೋರ್ಟ್. ಮೇಲಿನಿಂದ ತೂಕದ ಗುಂಡು ಬೀಳಿಸಿದ್ದಾರೆ, ಹರಿದಿಲ್ಲ. ಎಂಟು ತಿಂಗಳು! ಮಣ್ಣಲ್ಲಿ ಕರಗುವ ಪ್ಲಾಸ್ಟಿಕ್ಕಿನ ಹಣೆಬರಹವೇ ಅಷ್ಟು — ಮೆಕ್ಕೆಜೋಳದಿಂದ ಮಾಡಿದ ಪಿಎಲ್‌ಎ ಹಪ್ಪಳದ ಹಾಗೆ ಮುರಿಯುತ್ತದೆ, ಅದಕ್ಕೆ ಬೆರೆಸುವ ಪಿಬಿಎಟಿ ರಬ್ಬರಿನ ಹಾಗೆ ಜೋಲುತ್ತದೆ. ಒಂದಕ್ಕೊಂದು ಸೇರುವುದೇ ಇಲ್ಲ. ಕೊಂಡಿ ಹಾಕುವ ಪುಡಿ ಎಷ್ಟು, ಶಾಖ ಎಷ್ಟು, ಮೆಷಿನ್ನಿನ ಸ್ಕ್ರೂ ಎಷ್ಟು ವೇಗ... ನಲವತ್ತೊಂದು ಟ್ರಯಲ್ ಫೇಲ್. ಇದು ನಲವತ್ತೆರಡನೆಯದು. ನನ್ನ ಬಂಗಾರ.

ಮೆಷಿನ್ನಿನ ಬಾಯಿ, ಹಾಪರ್‌ಗೆ ಪ್ಲಾಸ್ಟಿಕ್ ಕಾಳು ಸುರಿಯುವ ಮುನಿಗಂಗಮ್ಮಕ್ಕನನ್ನು ತಬ್ಬಿಕೊಂಡೆ.

"ಬುಡವ್ವ, ಗಂಡ ಸಾಲ್ದು ಅಂತ ನನ್ನೂ ತಬ್ಕಂತೀಯಾ?"

ಅದೇ ದಿನ, ರಾತ್ರಿ 8, ಮತ್ತಿಗಿರಿ, ಗಂಡನ ಮನೆ

ಬೀರೇಶ್ ಶಿಫ್ಟ್ ಮುಗಿಸಿ ಬಂದವರು ಚೀಲಕ್ಕೆ ಐದು ಕೇಜಿ ರಾಗಿ ಹಿಟ್ಟು ಹಾಕಿ ಗಿರಗಿರ ತಿರುಗಿಸಿದರು. ಅತ್ತೆ "ಹಿಟ್ಟು ಚೆಲ್ದ್ರೆ ಇಬ್ರೂ ನೆಕ್ಕಬೇಕು" ಅಂದರು. ಚೆಲ್ಲಲಿಲ್ಲ.

"ನಿಂಗಿಂತ ಗಟ್ಟಿ ಕಣೆ ಇದು!"

ನನ್ನ ಗಂಡ. ಎಂಟು ದಿನದ ಗಂಡ! ಬರೆಯುವಾಗಲೂ ನಗು ಬರುತ್ತದೆ.

12 ನವೆಂಬರ್, ಬುಧವಾರ



ಕೊಯಮತ್ತೂರು ಹೆಡ್ ಆಫೀಸಿನಿಂದ ಎಲ್ಲರಿಗೂ ಒಂದು ಮೇಲ್. ಮೂವತ್ತೊಂದು ಪುಟದ ರಿಪೋರ್ಟ್. "ಸಂಶೋಧನೆ: ಶಶಿಕಲಾ." ನಮ್ಮ ಆರ್ ಅಂಡ್ ಡಿ ಹೆಡ್. ನಾನು ಮಂಟಪದಲ್ಲಿ ತಲೆ ತಗ್ಗಿಸಿ ಕೂತಿದ್ದ ವಾರ ಇಲ್ಲಿಗೆ ಬಂದು ನನ್ನ ಟೇಬಲ್ಲಿನಲ್ಲೇ ಕೂತಿದ್ದರಂತೆ. ನನ್ನ ನೋಟ್‌ಬುಕ್ ಪೂರಾ ಫೋಟೋ ತೆಗೆದುಕೊಂಡಿದ್ದಾರೆ.

ನಲವತ್ತೆರಡು ಟ್ರಯಲ್‌ಗಳೂ ಇವೆ. ಹತ್ತೊಂಬತ್ತನೆಯದರಲ್ಲಿ ನಾನು ಮಾಡಿದ್ದ ಕೂಡುವ ಲೆಕ್ಕದ ತಪ್ಪೂ ಇದೆ, ಹಾಗೇ! ಮುನಿಲಕ್ಷ್ಮಿ ಎಂಬ ನನ್ನ ಹೆಸರು ಎಲ್ಲೂ ಇಲ್ಲ. ಮೂರು ಸಲ ಹುಡುಕಿದೆ. ಇಲ್ಲ.

ಮದುವೆಗೆ ಬೆಳ್ಳಿ ಕುಂಕುಮದ ಭರಣಿ ಕಳಿಸಿದ್ದರು ಮಹಾತಾಯಿ.

13 ನವೆಂಬರ್, ಗುರುವಾರ

ಶಶಿಕಲಾ ಮೇಡಂಗೆ ಫೋನ್ ಮಾಡಿದೆ. ಹೆದರಲಿಲ್ಲ. ಸರಿ, ಸ್ವಲ್ಪ.

"ಅಯ್ಯೋ ಲಕ್ಷ್ಮಿ ಮಾ, ಎಲ್ಲಾ ಟೀಮ್ ವರ್ಕ್ ತಾನೇ? ಹೊಸ ಮದುವೆ, ಮನೆ ಕಡೆ ನೋಡ್ಕೋ. ಕೊನೇ ಪೇಜಲ್ಲಿ ಒಂದು ಥ್ಯಾಂಕ್ಸ್ ಹಾಕ್ಸೋಣ."

ಆಮೇಲೆ ಅಂದರು: "ಆಂ, ನೀನು ಕೊನೇ ಹನ್ನೆರಡು ಟ್ರಯಲ್‌ಗೂ ಮೊದಲ ಹಂತದಲ್ಲಿ ಗಂಗಮ್ಮ ಅಂತ ಬರ್ದಿದೀಯಲ್ಲಾ, ಆಪರೇಟರ್ ಹೆಸ್ರನ್ನೆಲ್ಲ ರಿಪೋರ್ಟಲ್ಲಿ ಹಾಕಬಾರ್ದು ಮಾ. ನಾನು ತೆಗ್ದುಬಿಟ್ಟೆ. ಎರಡನೇ ಹಂತದಿಂದ ಶುರು ಮಾಡಿದೀನಿ."

 ಹೇಳಬಹುದಿತ್ತು. "ಸರಿ ಮೇಡಂ" ಎಂದೆ. ಎಷ್ಟು ಸಿಹಿಯಾಗಿ ಎಂದೆ!

ಅದು ಹೆಸರಲ್ಲ, ಗಂಗಮ್ಮಕ್ಕ ಮಾಡುವ ಕೆಲಸ. ಇಲ್ಲಿ ಎಲ್ಲರಿಗೂ ಗೊತ್ತು, ಅದಕ್ಕೇ ನಾನು ಬಿಡಿಸಿ ಬರೆಯಲಿಲ್ಲ. ಕಾಳನ್ನು ನಾಲ್ಕು ಗಂಟೆ ಬಿಸಿಗಾಳಿಯಲ್ಲಿ ಒಣಗಿಸಬೇಕು. ಒಣಗಿದ್ದನ್ನು ಮುಚ್ಚಿಯೇ ಇಡಬೇಕು. ಹತ್ತು ನಿಮಿಷಕ್ಕೆ ಬೇಕಾದಷ್ಟೇ ಹಾಪರ್‌ಗೆ, ತಕ್ಷಣ ಮುಚ್ಚಳ. ತೇವ ಹೀರಿದ ಕಾಳು ಮೆಷಿನ್ನಿನ ಶಾಖಕ್ಕೆ ಸಿಕ್ಕರೆ ಒಳಗಿನ ಉದ್ದುದ್ದ ಸರಪಳಿಗಳೆಲ್ಲ ತುಂಡು ತುಂಡು. ಆಮೇಲೆ ಯಾವ ಪುಡಿ ಹಾಕಿದರೂ ಹಪ್ಪಳವೇ. ಗಂಗಮ್ಮಕ್ಕ ತನ್ನ ಊರು ಗುಮ್ಮಳಾಪುರದಲ್ಲಿ ಸಂಡಿಗೆ ಒಣಗಿಸಿದ ಕೈಯಲ್ಲಿ ಇದನ್ನೆಲ್ಲ ಯಾರೂ ಹೇಳದೆ ಮಾಡುತ್ತಿದ್ದಳು. ಮೊದಲ ಮೂವತ್ತು ಟ್ರಯಲ್ ಅವಳು ಇನ್ನೊಂದು ಲೈನಿನಲ್ಲಿದ್ದಳು. ಅವಳು ಬಂದ ಮೇಲೇ ನನಗೆ ದಾರಿ ಕಂಡದ್ದು.

ಮೇಡಂ ಚೀಲ ಮಾಡಿಸಲು ಹೊರಟಿರುವ ಕೊಯಮತ್ತೂರಿನಲ್ಲಿ ಈಗ ಮಳೆಯಂತೆ.

ಸುರಿಯಲಿ.

24 ನವೆಂಬರ್, ಸೋಮವಾರ

ಹರಿಯಿತು!!! ಕೊಯಮತ್ತೂರಿನಲ್ಲಿ ಮಾಡಿದ ಮೊದಲ ಲೋಡ್ ಚೀಲ ಪೂರಾ. ದೊಡ್ಡ ಕಸ್ಟಮರ್ ಎದುರಿಗೆ ಮೇಡಂ ತಾವೇ ಚೀಲದಲ್ಲಿ ತೆಂಗಿನಕಾಯಿ ಹಾಕಿ ಎತ್ತಿದರಂತೆ. ಕಾಯಿ ಆಸಾಮಿಯ ಶೂ ಮೇಲೆ!

ವಾಶ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಕ್ಕೆ. ಗಂಗಮ್ಮಕ್ಕನಿಗೆ ಹೇಳಿದೆ. ಅವಳು ನಗಲಿಲ್ಲ.

"ನನ್ ಹೆಸ್ರು ಹೊಡ್ದಾಕುದ್ಲಾ? ಹೊಡೀಲಿ ಬುಡು. ಆ ಕಾಳು ಏನ್ ಪಾಪ ಮಾಡಿತ್ತು?"

ಸಂಜೆ ಮೈಸೂರು ಪಾಕ್ ಕೊಂಡುಕೊಂಡು ಮನೆಗೆ ಹೋದೆ. ಯಾಕೆಂದು ಬೀರೇಶ್ ಕೇಳಿದರು. ಹೇಳಲಿಲ್ಲ.

26 ನವೆಂಬರ್, ಬುಧವಾರ

ಮದುವೆಯಾದ ಮೇಲೆ ಮೊದಲ ಜಗಳ.

ಕೊಯಮತ್ತೂರಿನಲ್ಲಿ ಹಾಪರ್ ಹತ್ತಿರ ನಿಂತಿದ್ದ ಇಬ್ಬರನ್ನು ಕೆಲಸದಿಂದ ನಿಲ್ಲಿಸಿದ್ದಾರೆ. "ಅಜಾಗರೂಕತೆ"ಯಂತೆ. ಬೀರೇಶ್‌ಗೆ ಎಲ್ಲವನ್ನೂ ಹೇಳಿಕೊಂಡೆ. ಹೊಗಳುತ್ತಾರೆ ಅಂದುಕೊಂಡಿದ್ದೆ, ಪೆದ್ದಿ.

"ನೀನು ಬಾಣ ಬುಟ್ಟಿದ್ದು ಆವಮ್ಮನಿಗೆ. ತಗಲಿದ್ದು ಯಾರ್ಗೆ?"

"ನಾನೇನು ಮಾಡಿದೆ ರೀ? ನಾನು ಸುಮ್ಮನಿದ್ದೆ ಅಷ್ಟೇ."

"ಅದೇ ಕಣೆ ಮಾಡಿದ್ದು. ನಾನೂ ಲೈನಲ್ಲಿ ನಿಲ್ಲೋನು. ಮೇಲ್ನೋರು ತಪ್ಪು ಮಾಡ್ತಾರೆ, ಮೆಮೊ ಕೆಳಗ್ನೋನ್ಗೆ ಬತ್ತದೆ."

ಊಟ ಮಾಡದೆ ಮಲಗಿಬಿಟ್ಟರು. ನಾನೂ. ಆದರೆ ಬಿಡುವುದಿಲ್ಲ. ಮೇಡಂನ ಮಾತ್ರ ಬಿಡುವುದಿಲ್ಲ.

27 ನವೆಂಬರ್, ಗುರುವಾರ. ಬೆಳಿಗ್ಗೆ 6.10

ಬಾಣವನ್ನು ತಿರುಗಿಸಿದೆ. ಕಂಪನಿಯ ಎಂಡಿಗೆ ಮೇಲ್. ಎಲ್ಲರಿಗೂ ಕಾಪಿ — ಮೇಡಂ ಕಳಿಸಿದ್ದ ಅದೇ ಲಿಸ್ಟ್!

"ತಪ್ಪು ಆ ಇಬ್ಬರದಲ್ಲ. ರಿಪೋರ್ಟಿನಲ್ಲಿ ಮೊದಲ ಹಂತವನ್ನು ಹೊಡೆದುಹಾಕಲಾಗಿದೆ. ಮೂಲ ನೋಟ್‌ಬುಕ್ ನನ್ನದು, ಪುಟಗಳನ್ನು ಲಗತ್ತಿಸಿದ್ದೇನೆ. ಆ ಹಂತ ಇಲ್ಲವೆಂದು ನನಗೆ ಎರಡು ವಾರದಿಂದ ಗೊತ್ತಿತ್ತು. ಹೇಳದೆ ಇದ್ದದ್ದು ನನ್ನ ತಪ್ಪು."

ಕೊನೆಯ ವಾಕ್ಯವನ್ನು ಬೀರೇಶ್ ಎದ್ದು ಬಂದು ಸೇರಿಸಲು ಹೇಳಿದ್ದು. ಎರಡು ಸಲ ಅಳಿಸಿದೆ. ಸೇರಿಸಿದೆ. ಕಾಫಿ ಅವರೇ ಮಾಡಿಕೊಟ್ಟರು.

28 ನವೆಂಬರ್, ಶುಕ್ರವಾರ

ಇಬ್ಬರನ್ನೂ ವಾಪಸ್ ತೆಗೆದುಕೊಂಡಿದ್ದಾರೆ. ನನಗೊಂದು ಮೆಮೊ. ಬರಲಿ, ಫ್ರೇಮ್ ಹಾಕಿಸುತ್ತೇನೆ.

ಮಧ್ಯಾಹ್ನ ಮೇಡಂ ಫೋನ್. ಈಗ "ಮಾ" ಇಲ್ಲ.

"ಮುನಿಲಕ್ಷ್ಮಿ, ಆ ಒಣಗಿಸೋ ಡೀಟೇಲ್ಸ್ ಮೇಲ್ ಮಾಡಿ."

"ಅದು ಕೈಯಲ್ಲಿರೋದು ಮೇಡಂ, ಪೇಪರಲ್ಲಿ ಇಲ್ಲ. ಬಂದು ಕಲೀಬೇಕು."

"ನಾನು? ಹೊಸೂರಿಗೆ?"

"ಆಪರೇಟರ್ ಹತ್ತಿರ."

ಆ ಕಡೆ ನಿಶ್ಶಬ್ದ. ನನ್ನ ಜೀವನದ ಅತಿ ಸುಂದರ ನಿಶ್ಶಬ್ದ. ಹನಿಮೂನ್‌ಗಿಂತ — ಸರಿ, ಬೇಡ, ಅದಕ್ಕಿಂತ ಸ್ವಲ್ಪ ಕಡಿಮೆ.

30 ನವೆಂಬರ್, ಭಾನುವಾರ

ಎಂಡಿ ಮೇಲ್ ಬಂತು. ಮೇಡಂ ಹೊಸೂರಿಗೆ ಬಂದು ಗಂಗಮ್ಮಕ್ಕನ ಹತ್ತಿರ ಕಲಿಯಬೇಕು, ಹೊಸ ರಿಪೋರ್ಟ್ ಇಲ್ಲೇ ತಯಾರಾಗಬೇಕು. ಅದರಲ್ಲಿ ಎರಡು ಹೆಸರು: ನನ್ನದು, ಮುನಿಗಂಗಮ್ಮನದು. ಕೆಳಗೆ "ಪರಿಶೀಲಿಸಿ ಒಪ್ಪಿದ್ದೇನೆ" ಎಂದು ಮೇಡಂ ಸಹಿ. ಹತ್ತು ಸಲ ಓದಿದೆ. ಬೀರೇಶ್‌ಗೆ ಎರಡು ಸಲ ಓದಿಸಿದೆ.

ಗಂಗಮ್ಮಕ್ಕನಿಗೆ ಫೋನ್ ಮಾಡಿ ಹೇಳಿದೆ.  ಮೂಗು ಸೀಟಿದ ಸದ್ದು ಕೇಳಿಸಿತು.

"ಕಲ್ಸ್ಕೊಡ್ತೀನಿ ಬುಡು. ಆದ್ರೆ ನಾಕು ಗಂಟೆ ನಿಂತ್ಕಂಡೇ ಇರ್ಬೇಕು, ಕುರ್ಚಿ ಕೊಡಾಕಿಲ್ಲ. ಬಳೆ ಬಿಚ್ಚಿಸ್ತೀನಿ. ಯಾವತ್ತು ಬತ್ತಾಳೆ?"

ಮೇಡಂ ಟಿಕೆಟ್ ಕಾಪಿ ನನಗೇ ಕಳಿಸಿದ್ದಾರೆ, ಕರೆದುಕೊಂಡು ಬರಲು ನಾನೇ ಹೋಗಬೇಕಂತೆ. ಹೋಗುತ್ತೇನೆ! ಮದುವೆಯ ಹಸಿರು ರೇಷ್ಮೆ ಉಟ್ಟು ಹೋಗುತ್ತೇನೆ. ಮಂಗಳವಾರ, ಎರಡನೇ ತಾರೀಕು, ಎರ್ನಾಕುಲಂ–ಬೆಂಗಳೂರು ಇಂಟರ್‌ಸಿಟಿ, ಹೊಸೂರಿಗೆ ಸಂಜೆ ಬರುತ್ತದೆ.