ಚಳಿಗಾಲದ ಟೈರು ಬೇಕೇ ಎಂದು ಕೇಳಿದ್ದಕ್ಕೆ

ಫರ್ವಾನಿಯಾ, ಕುವೈತ್
15 ನವೆಂಬರ್ 2024, ಶುಕ್ರವಾರ

ಚಿ. ಸೌ. ಅಕ್ಷಿತಾಳಿಗೆ ಪಪ್ಪನ ಆಶೀರ್ವಾದಗಳು.

‘ಕು.’ ಎಂದು ಬರೆದು, ಹೊಡೆದುಹಾಕಿ ‘ಸೌ.’ ಮಾಡಿದ್ದೇನೆ. ಗೀಟು ಕಂಡರೆ ಬೈಯಬೇಡ, ಕೈಗೆ ಹಳೆಯ ಅಭ್ಯಾಸ. ಹೇಗಿದ್ದೀಯ ಮಗಾ? ನೈಟ್ ಡ್ಯೂಟಿ ಮುಗಿಸಿ ಬಂದು ಸರಿಯಾಗಿ ಊಟ ಮಾಡುತ್ತೀಯೋ, ಬರೀ ಬ್ರೆಡ್ಡೋ? ಅಮ್ಮನ ಮೊಣಕಾಲು ಈಗ ಪರವಾಗಿಲ್ಲ, ಲಿಫ್ಟು ಕೆಟ್ಟ ದಿನ ಮಾತ್ರ ನನಗೂ ಲಿಫ್ಟಿಗೂ ಸೇರಿಸಿ ಶಾಪ ಹಾಕುತ್ತಾಳೆ. ನನ್ನ ಶುಗರ್ ಇದ್ದಲ್ಲೇ ಇದೆ. ಮೊನ್ನೆ ನೀನು ಐರ್ಲೆಂಡಿನಿಂದ ಫೋನ್ ಮಾಡಿದಾಗ ಅಮ್ಮನ ಹತ್ತಿರ, "ಇಲ್ಲಿ ಚಳಿಗಾಲಕ್ಕೆ ಬೇರೆ ಟೈರ್ ಬೇಕಾ ಅಂತ ಪಪ್ಪನ ಹತ್ರ ಕೇಳು" ಅಂದೆಯಂತೆ. ಎರಡು ವರ್ಷದಲ್ಲಿ ನನಗೆಂದು ನೀನು ಕಳುಹಿಸಿದ ಮೊದಲ ಮಾತು. ಮರುದಿನ ರಾಯ್ ಏರಿಯಾದ ನಮ್ಮ ಟೈರ್ ಅಂಗಡಿಯಲ್ಲಿ ಹೇಳಿಕೊಂಡಾಗ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಪಕ್ಕದಲ್ಲೇ ಟೈರು ಬಿಚ್ಚುತ್ತಿದ್ದ ನಮ್ಮ ಉಮ್ಮರಬ್ಬ ಬಿಟ್ಟಾನೆಯೇ? "ಎಂತ ಮಾರಾಯ್ರೆ, ಮಗಳು ಟೈರ್ ಕೇಳಿದ್ರೆ ಯಾರಾದ್ರೂ ಅಳ್ತಾರಾ?" ಎಂದು ಇಡೀ ಅಂಗಡಿಗೆ ಕೇಳುವಂತೆ ನಕ್ಕ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ. ಅದಕ್ಕೇ ಕಾಗದ.

ಮೊದಲು ನಿಜ ಹೇಳುತ್ತೇನೆ. ಇಪ್ಪತ್ತೇಳು ವರ್ಷದಲ್ಲಿ ಒಂದೇ ಒಂದು ಚಳಿಗಾಲದ ಟೈರನ್ನು ನಾನು ಕೈಯಲ್ಲಿ ಮುಟ್ಟಿಲ್ಲ. ಇಲ್ಲಿ ಟೈರಿಗೆ ಬಿಸಿಲೇ ಯಮ. ಆದರೆ ತಿಳಿದವರನ್ನು ಕೇಳಿದೆ, ಓದಿದೆ. ನಿಮ್ಮ ಕಾರ್ಕ್‌ನಲ್ಲಿ ಹಿಮ ಬೀಳುವುದು ಅಪರೂಪವಂತೆ. ಹಾಗಾದರೆ ಚಳಿಗೊಂದು, ಬೇಸಗೆಗೊಂದು ಸೆಟ್ ಇಟ್ಟುಕೊಳ್ಳುವ ಉಸಾಬರಿ ಬೇಡ. ಹಾಗೆಂದು ಬೇಸಗೆಯ ಟೈರಿನಲ್ಲೇ ತಿರುಗಬೇಡ. ಏಳು ಡಿಗ್ರಿಗಿಂತ ಕೆಳಗಿಳಿದರೆ ಅದರ ರಬ್ಬರು ಬಿಗಿಯುತ್ತದೆ, ಜನವರಿಯಲ್ಲಿ ನಮ್ಮ ಬಾತ್‌ರೂಮಿನ ತೆಂಗಿನೆಣ್ಣೆ ಗಟ್ಟಿಯಾಗುತ್ತಿತ್ತಲ್ಲ, ಹಾಗೆ. ಬೆಳಿಗ್ಗೆ ನೀನು ಡ್ಯೂಟಿ ಬಿಟ್ಟು ಬರುವ ಹೊತ್ತಿಗೇ ರಸ್ತೆ ಜಾರುವುದು. ಎಲ್ಲ ಕಾಲಕ್ಕೂ ಆಗುವ ಟೈರು ಹಾಕಿಸು. ಬದಿಯಲ್ಲಿ ಬೆಟ್ಟ, ಅದರೊಳಗೆ ಹಿಮದ ಹೂವಿನ ಗುರುತು ಇರಬೇಕು. ನಾಲ್ಕೂ ಒಟ್ಟಿಗೆ ಹಾಕಿಸು, ಎರಡೇ ಹಾಕಿ ಲೋಭ ಮಾಡಬೇಡ. ತಯಾರಾದ ವಾರ, ವರ್ಷ ನೋಡಿ ತೆಗೆದುಕೋ ಎಂದು ನಿನಗೆ ಹೇಳಬೇಕಾಗಿಲ್ಲ.

ಅಯ್ಯೋ, ನಿನಗೆ ಅಂಕಿ ಕಲಿಸಿದ್ದೇ ಟೈರುಗಳಲ್ಲವೇ! ಅಮ್ಮನಿಗೆ ಕ್ಲಿನಿಕ್ಕಿನಲ್ಲಿ ಮಧ್ಯಾಹ್ನದ ಡ್ಯೂಟಿ ಇದ್ದಾಗ ನಿನ್ನನ್ನು ಶಾಲೆಯಿಂದ ನೇರ ಅಂಗಡಿಗೆ ತರುತ್ತಿದ್ದೆ. ಟೈರಿನ ಅಟ್ಟಿಯ ಮೇಲೆ ರಟ್ಟು ಹಾಸಿ ಕೂರಿಸಿದರೆ ಅಲ್ಲೇ ಊಟ, ಅಲ್ಲೇ ಹೋಂವರ್ಕು. ಯೂನಿಫಾರ್ಮಿನ ಹಿಂಭಾಗವೆಲ್ಲ ಕಪ್ಪು. ಅಮ್ಮ ನಮ್ಮಿಬ್ಬರಿಗೂ ಒಟ್ಟಿಗೇ ಬೈಯುತ್ತಿದ್ದಳು. ನೀನು ಪ್ರತಿ ಟೈರಿನ ಬದಿಯಲ್ಲಿ ಒತ್ತಿದ ವಾರ, ವರ್ಷದ ನಾಲ್ಕು ಅಂಕಿ ಓದಿ, ಅದರ ಪ್ರಾಯಕ್ಕೆ ತಕ್ಕ ಕ್ಲಾಸಿಗೆ ಸೇರಿಸುತ್ತಿದ್ದೆ. "ಇದಿನ್ನೂ ಬೇಬಿ, ಇದು ಎಲ್‌ಕೆಜಿ, ಇದು ಒಂದನೇ ಕ್ಲಾಸು, ಖಲಾಸ್ ಪಪ್ಪಾ!" ಗಿರಾಕಿಗಳು ಚಾಕಲೇಟು ಕೊಟ್ಟು ಹೋಗುತ್ತಿದ್ದರು. ಆಗ ಇದೆಲ್ಲ ಕೆಲಸದ ನಡುವಿನ ರಗಳೆ ಎಂದುಕೊಂಡಿದ್ದೆ, ನೋಡು.

ಇನ್ನೊಂದು ದಿನದ ಮಾತನ್ನೂ ಬರೆಯಲೇಬೇಕು. ಲೆಸ್ಟರ್ ಸಾಲ್ಮಿಯಾದಿಂದ ನಿನ್ನನ್ನೂ ಕೂರಿಸಿಕೊಂಡು ನಮ್ಮ ಅಂಗಡಿಗೆ ಬಂದ ದಿನ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಸ್ವೀಟಿನ ಡಬ್ಬ. ನಿನ್ನನ್ನು ಮದುವೆಯಾಗುತ್ತೇನೆ ಎಂದು ಕೇಳಲು ಬಂದವನ ಮುಖ ನೋಡದೆ ನಾನು ಅವನ ಕಾರಿಗೆ ಸುತ್ತು ಬಂದೆ. "ಆರು ವರ್ಷದ ಟೈರಿನಲ್ಲಿ ನನ್ನ ಮಗಳನ್ನು ತಿರುಗಿಸ್ತಿಯಾ? ಟೈರ್ ನೋಡ್ಲಿಕ್ಕೆ ಆಗದವ ಹೆಂಡತಿಯನ್ನು ಎಂತ ನೋಡ್ತಾನೆ?" ಎಂದು ಎಲ್ಲರೆದುರು ಕೂಗಿದೆ. ಪಾಪ, ಅವನು "ಸಾರಿ ಅಂಕಲ್, ಚೇಂಜ್ ಮಾಡ್ತೇನೆ" ಎಂದ. ನೀನು ಬಗ್ಗಿ ಆ ಅಂಕಿ ಓದಿದೆ. ಎದ್ದು ನನ್ನ ಮುಖ ನೋಡಿದೆ. ಹೋಗಿ ಕಾರು ಹತ್ತಿದೆ. ಟೈರಿಗೆ ವರ್ಷವೂ ತುಂಬಿರಲಿಲ್ಲ, ಅಕ್ಷಿತಾ. ನನಗೂ ಗೊತ್ತಿತ್ತು. ಅವನು ಇಗರ್ಜಿಗೆ ಹೋಗುವವನು, ನಮ್ಮವನಲ್ಲ ಎಂದು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ ಟೈರಿನ ಮೇಲೆ ಸುಳ್ಳು ಹೇಳಿದೆ. ಬೇರೆ ಏನು ಹೇಳಿದ್ದರೂ ನೀನು ಜಗಳವಾಡಿ ಮರೆಯುತ್ತಿದ್ದೆಯೋ ಏನೋ. ನಿಮ್ಮ ಮದುವೆಗೆ ಅಮ್ಮ ಒಬ್ಬಳೇ ಬಂದಳು. ನಾನು ಆ ದಿನ ಅಂಗಡಿ ತೆರೆದು ಕೂತೆ, ಒಂದು ಕೆಲಸವೂ ಸರಿಯಾಗಲಿಲ್ಲ.

ಅಮ್ಮ ಈಗ ಊಟಕ್ಕೆ ಕರೆಯುತ್ತಿದ್ದಾಳೆ, ಬಂಗುಡೆ ಪುಳಿಮುಂಚಿ ಆಗಿದೆಯಂತೆ. ಮೈ ಬೆಚ್ಚಗಿಟ್ಟುಕೋ. ಗಾಡಿ ನಿಧಾನ ಓಡಿಸು. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿನ್ನ ಪಪ್ಪ,
ಯಶೋಧರ

ತಾ.ಕ.: ಕವರಿನೊಳಗೆ ಮಡಚಿ ಅಂಟಿಸಿದ ಇನ್ನೊಂದು ಹಾಳೆ ಇದೆ. ಅದು ನಿನಗಲ್ಲ, ಅಳಿಯನಿಗೆ. ಕುವೈತಿನಲ್ಲೇ ಬೆಳೆದ ಹುಡುಗ, ನಿನ್ನ ಹಾಗೆ ಮನೆಯಲ್ಲಿ ಅಕ್ಷರ ಕಲಿತವನಲ್ಲ, ಕನ್ನಡ ಓದಲು ಬರುವುದಿಲ್ಲ ಎಂದು ಅಮ್ಮ ಹೇಳಿದಳು. ನನಗೆ ಇಂಗ್ಲಿಷಿನಲ್ಲಿ ಇಂಥದ್ದನ್ನು ಬರೆಯಲು ಬರುವುದಿಲ್ಲ. ಅವನನ್ನು ಎದುರಿಗೆ ಕೂರಿಸಿಕೊಂಡು ನೀನೇ ಗಟ್ಟಿಯಾಗಿ ಓದು. ‘ತಪ್ಪಾಯಿತು’ ಎಂದು ಎರಡು ಕಡೆ ಬರೆದಿದ್ದೇನೆ. ಪಪ್ಪನ ಮರ್ಯಾದೆ ಉಳಿಸುತ್ತೇನೆಂದು ಒಂದನ್ನೂ ಬಿಟ್ಟು ಓದಬೇಡ.